ಕೌದಿಯ ಹೊಟ್ಟೆ

ಒಂದಾನೊಂದು ಊರಿನಲ್ಲಿ ಒಂದು ಕೌದಿ ಇತ್ತಂತೆ, ಅದಕ್ಕೆ ಹುಟ್ಟಿದಾಗಿನಿಂದ ಹಸಿವಂತೆ, ಹೊಲಿದವಳು ಅವಸರದಲ್ಲಿ ಅದರ ಹೊಟ್ಟೆಗೆ ಏನೂ ಇಡದೆ ಕಡೆಯ ಮೂಲೆ ಮುಚ್ಚಿಬಿಟ್ಟಿದ್ದಳಂತೆ, ಅದಕ್ಕೇ ಅದು ತನ್ನ ಮೇಲೆ ಮಲಗಿದ ಕೂಸಿನ ನಿದ್ದೆಯನ್ನು ಚೂರುಚೂರೇ ಕಿತ್ತು ತಿನ್ನುತ್ತಿತ್ತಂತೆ, ಬೆಳಗಾಗುವಷ್ಟರಲ್ಲಿ ಕೂಸಿನ ಕಣ್ಣು ಕೆಂಡ — ಅಜ್ಜಿ ಇದನ್ನು ಹೇಳುವಾಗ ನನ್ನ ಹೊದಿಕೆಯ ಅಂಚನ್ನು ಸಣ್ಣಗೆ ಎಳೆಯುತ್ತಿದ್ದಳು, ನೋಡು, ತಿನ್ನಾಕತ್ತೈತಿ ನೋಡು — ಥೂ, ಎಲ್ಲಿಂದ ಬರುತ್ತಿದೆ ಈ ನಾತ, ನನ್ನ ಕೌದಿಯ ಪ್ಲಾಸ್ಟಿಕ್ ಕವರಿನ ಜಿಪ್ ಎಳೆದದ್ದೇ ತಡ ಮುಖಕ್ಕೆ ರಾಚಿತು, ಒದ್ದೆ ಕಾಲುಚೀಲ, ಒಡೆದ ಹಾಲು, ತೊಳೆಯದೆ ಮರೆತ ಟಿಫಿನ್ ಡಬ್ಬಿ, ಎಲ್ಲ ಸೇರಿದ ಹಾಗೆ, ಇಲ್ಲ ಇಲ್ಲ, ಇದು ಹೊರಗಿನದು, ಕೆಳಗೆ ಕಸದ ಗಾಡಿ ಬಂದಿರಬೇಕು, ವಸಂತ್ ಕುಂಜದ ಈ ಬ್ಲಾಕಿಗೆ ಶನಿವಾರ ಅದು ಬೆಳಿಗ್ಗೆಯೇ ಬರುವುದು, ಕಿಟಕಿ ಮುಚ್ಚಿದೆ, ಫ್ಯಾನ್ ಜೋರು ಮಾಡಿದೆ, ನಾತವೂ ಜೋರಾಯಿತು, ಕೋಣೆಯೆಲ್ಲ ಸುತ್ತಿ ಬಂದು ಮತ್ತೆ ನನ್ನ ಮೂಗಿಗೇ ಕೂತಿತು, ಕೌದಿಯನ್ನು ಎತ್ತಿ ಒಂದೊಂದೇ ಮೂಲೆ ಮೂಸಿದೆ, ಛೀ, ನಾಯಿಯ ಹಾಗೆ, ಸ್ವಂತ ಕೈಯಲ್ಲಿ ಹೊಲಿದದ್ದನ್ನು ನಾಯಿಯ ಹಾಗೆ ಮೂಸುತ್ತಿದ್ದೇನೆ, ಮೊದಲ ಮೂಲೆ ಡೆಟಾಲು, ಎರಡನೆಯದೂ ಡೆಟಾಲು, ಮೂರನೆಯದು ಇಸ್ತ್ರಿಯ ಬಿಸಿ, ನಾಲ್ಕನೆಯದು — ತಲೆ ಹಿಂದಕ್ಕೆ ಎಳೆದುಕೊಂಡೆ, ನಾಲ್ಕನೆಯದೇ, ನಾನು ಅಷ್ಟು ಮುದ್ದಿನಿಂದ ಊಟ ಇಟ್ಟು ಮುಚ್ಚಿದ ಮೂಲೆ, ಅಮ್ಮನ ಹಳೇ ಸೀರೆಯ ತಿಳಿನೀಲಿಯ ಮೇಲೆ ಒಂದು ಹಸಿರು ಹಳದಿ ಕಲೆ, ಅದರ ಅಂಚಿಗೆ ಎಣ್ಣೆಯ ಜಿಡ್ಡು, ಬೆರಳಿಟ್ಟರೆ ಮೆತ್ತಗೆ, ಮೆತ್ತಗೆ ಅಂದರೆ ಕೊಳೆತ ಬಾಳೆಹಣ್ಣಿನ ಹಾಗೆ ಮೆತ್ತಗೆ, ನಾಳೆ ಬೆಳಿಗ್ಗೆ ಕರೋಲ್ ಬಾಗಿನಲ್ಲಿ ಅಕ್ಕನ ಕೂಸನ್ನು ಇದರ ಮೇಲೆ ಮಲಗಿಸಿ ಹೆಸರಿಡುತ್ತಾರೆ.

ಅಕ್ಕ ಎಂದರೆ ಧಾರಿಣಿ, ಪಂಜಾಬಿಗಳ ಮನೆಗೆ ಹೋದ ಮೇಲೆ ಅಲ್ಲಿ ಧಾರಾ ಆದವಳು, ಅಪ್ಪನಿಗೆ ಗುವಾಹಟಿಗೆ ವರ್ಗವಾಗಿ ಅಮ್ಮನೂ ಹೊರಟ ಮೇಲೆ ಈ ದೆಹಲಿಯಲ್ಲಿ ನಮ್ಮ ಪೈಕಿ ಅಂತ ಅವಳಿಗೆ ನಾನು, ನನಗೆ ಅವಳು, ಅಪ್ಪನ ಕಣ್ಣಿನ ಆಪರೇಷನ್ ಇದೇ ವಾರಕ್ಕೆ ಬಂದು ಕೂತಿದ್ದರಿಂದ ನಾಳೆ ಅವರೂ ಬರುವುದಿಲ್ಲ, ಅವಳು ಹೆರಿಗೆಯಾದಾಗಲೇ ಆಸ್ಪತ್ರೆಯ ಮಂಚದ ಮೇಲೆ ಕೂಸನ್ನು ಇಟ್ಟುಕೊಂಡು ಹೇಳಿದ್ದಳು, ಆ ಮನೇಲಿ ಚಮಚದಿಂದ ಹಿಡಿದು ತೊಟ್ಟಿಲತನಕ ಎಲ್ಲಾ ಅವರದ್ದೇ ಕಣೇ ಮಯೂರಿ, ನಮ್ಮ ಕಡೆಯದ್ದು ಅಂತ ಒಂದೇ ಒಂದಿರಲಿ, ಅಜ್ಜಿ ಹೇಳ್ತಿದ್ದಳಲ್ಲ, ಕೌದಿ, ಅದನ್ನ ಮಾಡಿಕೊಡ್ತೀಯಾ, ಮಾಡಿಕೊಡ್ತೀನಿ ಅಂದೆ, ಅವಳು ನಕ್ಕಳು, ಹೊಲಿಗೆ ಬಿಚ್ಚಿಕೊಳ್ಳುತ್ತೆ ನಗಿಸಬೇಡ ಅಂತ ಹೊಟ್ಟೆ ಹಿಡಿದುಕೊಂಡೇ ನಕ್ಕಳು, ನಿನ್ನ ಕೈಯಲ್ಲಿ ಶುರುವಾದದ್ದು ಯಾವುದು ಮುಗಿದಿದೆ ಮಹರಾಯ್ತಿ, ಆ ಕ್ರೋಶಾ ಟೋಪಿಗೆ ಒಂದೇ ಕಿವಿ, ಮೇಣದಬತ್ತಿಗೆ ಬತ್ತಿಯೇ ಇಲ್ಲ, ಹಗ್ಗದಲ್ಲಿ ಅದೇನೋ ಜೋಲಿ ಹೆಣೆದೆ, ಅದು ನಿನ್ನ ಬಾಗಿಲ ಹಿಂದೆ ನೇಣು ಹಾಕ್ಕೊಂಡಿದೆ, ಅಕ್ಕಾ, ಇದನ್ನ ಮುಗಿಸ್ತೀನಿ, ಪಕ್ಕಾ, ಪಕ್ಕಾ ನಾ?, ಪಕ್ಕಾ, ಆಮೇಲೆ ಅಮ್ಮನಿಗೆ ಫೋನ್ ಮಾಡಿ ಹೇಗೆ ಹೊಲಿಯುವುದು ಅಂದರೆ, ನಂಗೆಲ್ಲಿ ಬರುತ್ತೆ ಅದೆಲ್ಲ, ನಮ್ಮ ಅತ್ತೆಗೆ ಬರ್ತಿತ್ತು, ಅವರಿದ್ದಾಗಲೇ ಕೇಳಬೇಕಿತ್ತು ನೀನು, ಕೇಳಿದ್ದರೆ ಅಜ್ಜಿ ಹೇಳುತ್ತಿದ್ದಳೇ, ಆರ್.ಕೆ. ಪುರಂ ಕ್ವಾರ್ಟರ್ಸಿಗೆ ಬರುವಷ್ಟರಲ್ಲಿ ಅವಳಿಗೆ ಸೂಜಿಯೇ ಕಾಣುತ್ತಿರಲಿಲ್ಲ, ಕೈಯಲ್ಲಿದ್ದ ಕೆಲಸವೆಲ್ಲ ಬಾಯಿಗೆ ಬಂದು ಕಥೆಯಾಗಿತ್ತು, ಕಥೆಯಲ್ಲಿ ಅಳತೆ ಇರುವುದಿಲ್ಲ, ದಾರ ಎಷ್ಟುದ್ದ, ಪದರ ಎಷ್ಟು, ಮೂಲೆ ಹೇಗೆ ಮಡಿಸಬೇಕು, ಒಂದೂ ಇಲ್ಲ, ರಾಜಕುಮಾರಿ ಹೊಲಿದಳಂತೆ, ಮುಗಿಯಿತಂತೆ.

ಹಾಗೆ ಬ್ಲಾಗುಗಳಿಗೆ ಬಿದ್ದೆ, ಮಾನೇಸರದ ಕಂಪನಿ ಬಸ್ಸಿನಲ್ಲಿ ಹೋಗುತ್ತ ಬರುತ್ತ ಕತ್ತು ಬಗ್ಗಿಸಿ ಓದಿದ್ದೇ ಓದಿದ್ದು, ದೇವರೇ, ಈ ಹೆಂಗಸರು ಎಷ್ಟು ಬರೆಯುತ್ತಾರೆ, ಒಬ್ಬಳು ಇಂಗ್ಲಿಷಿನವಳು, ಯಾವ ದೇಶವೋ, ಮೂಲೆ ಮಡಿಸುವುದು ಹೇಗೆಂದು ಕೇಳಿ ಹೋದರೆ ಮೊದಲು ಅವಳ ಬೆಕ್ಕಿನ ಹುಟ್ಟುಹಬ್ಬ, ಆಮೇಲೆ ಅವಳ ಕಾಫಿ ಮಗ್ಗು, ಆಮೇಲೆ ಅವಳ ಡೈವೋರ್ಸು, ಕಿಟಕಿಯ ಹೊರಗಿನ ಹಿಮ, ನಡುನಡುವೆ ಬೊಜ್ಜು ಕರಗಿಸುವ ಜಾಹೀರಾತಿನ ಹೊಟ್ಟೆಗಳು, ಅಂಟು ಅಂಟಾಗಿ ಬೆರಳಿಗೆ ಸಿಕ್ಕಿಕೊಳ್ಳುವ ಪರದೆ, ನಮ್ಮ ಪ್ರೀತಿಯ ಕುಟುಂಬಕ್ಕೆ ಸೇರಿ ಅಂತ ಹಾರಿ ಬಂದು ಕೂರುವ ಡಬ್ಬಿ, ನಿನ್ನ ಕುಟುಂಬ ಯಾರಿಗೆ ಬೇಕು ತಾಯಿ, ಮೂಲೆ ಹೇಳು, ಎಲ್ಲಕ್ಕಿಂತ ಕೆಳಗೆ, ಕೊನೆಯಲ್ಲಿ, ಸಾಲು ಎರಡೇ ಎರಡು, ಆದರೆ ಸುಳ್ಳು ಹೇಳಬಾರದು, ದಾರ ಸಿಕ್ಕು ಹಾಕಿಕೊಳ್ಳುತ್ತಿದ್ದದ್ದು ನಿಂತದ್ದು ಅವಳಿಂದಲೇ, ತೋಳಿನುದ್ದಕ್ಕಿಂತ ಹೆಚ್ಚು ದಾರ ತೆಗೆಯಬೇಡಿ, ದುರಾಸೆಗೆ ಗಂಟು ಬೀಳುತ್ತದೆ ಅಂತ ಬರೆದಿದ್ದಳು, ಇನ್ನೊಬ್ಬಳು ಟೊರಾಂಟೋದ ಆಂಟಿ, ನಮ್ಮ ಧಾರವಾಡದ ಕಡೆಯವಳೇ, ಅವಳೂ ಇಂಗ್ಲಿಷಿನಲ್ಲೇ, ಕೌದಿಯನ್ನು ಪದರ ಪದರವಾಗಿ ಬಿಡಿಸಿ ತೋರಿಸಿದ್ದಳು, ಹೊರಗಿನಿಂದ ಒಳಕ್ಕೆ ಸುತ್ತಿ ಬನ್ನಿ, ಒಂದು ಮೂಲೆ ಬಾಯಿ ಬಿಟ್ಟಿರಲಿ, ಮುಚ್ಚುವ ಮುಂಚೆ ಅದರೊಳಗೆ ಒಂದು ತುಂಡು ರೋಟಿ ಇಡಿ, ಕೌದಿ ಎಂದೂ ಹಸಿದಿರಬಾರದಂತೆ, ನಮ್ಮ ಅಜ್ಜಿ ಹೇಳುತ್ತಿದ್ದರು, ಸೋ ಸ್ವೀಟ್ ನಾ, ಪಕ್ಕದಲ್ಲಿ ಕೆಂಪು ಹೃದಯ, ಅದನ್ನು ಓದಿ ಬಸ್ಸಿನಲ್ಲೇ ನನ್ನ ಕಣ್ಣು ತುಂಬಿತ್ತು, ಹಸಿದ ಕೌದಿ, ನನ್ನ ಅಜ್ಜಿಯದೊಂದೇ ಅಲ್ಲ, ಲೋಕದಲ್ಲಿ ಇನ್ನೊಬ್ಬ ಅಜ್ಜಿಯ ಬಾಯಲ್ಲೂ ಇತ್ತು ಅದು, ಪಕ್ಕದ ಸೀಟಿನ ತನ್ವಿ ಯಾರೋ ಸತ್ತರೇನೋ ಅಂದುಕೊಂಡು ಟಿಶ್ಯೂ ಕೊಟ್ಟಳು.

ಆಮೇಲೆ ಬಟ್ಟೆಗಳು, ಅಯ್ಯೋ ಆ ಬಟ್ಟೆಗಳು, ಹೊಸತಾಗಿದ್ದರೆ ಕೌದಿ ಹೇಗಾದೀತು, ಮೈಮೇಲೆ ಹಾಕಿ ಹಾಕಿ ಮೆತ್ತಗಾದದ್ದೇ ಆಗಬೇಕು, ಅಮ್ಮ ಗುವಾಹಟಿಯಿಂದ ಗಂಟು ಕಳಿಸಿದಳು, ಬಿಚ್ಚಿದರೆ ಅಪ್ಪನ ಆಫೀಸಿನ ಅಂಗಿಗಳ ಕಾಲರಿಗೆ ಕಪ್ಪು ಜಿಡ್ಡು, ಸೀರೆಗೆ ಅರಿಶಿನ, ಅಕ್ಕನ ಹಾಸ್ಟೆಲಿನ ನೈಟಿಯ ಕಂಕುಳಲ್ಲಿ ಹಳದಿ ಅರ್ಧಚಂದ್ರ, ನಮ್ಮವರದ್ದೇ ಬೆವರು, ನನ್ನ ರಕ್ತವೇ, ಆದರೂ ಎರಡು ಬೆರಳಿನಲ್ಲಿ ಎತ್ತಿ ಬಕೆಟ್ಟಿಗೆ ಹಾಕಿದೆ, ಕುದಿಸಿದೆ, ಮತ್ತೆ ಕುದಿಸಿದೆ, ಡೆಟಾಲ್ ಹೊಯ್ದೆ, ನನ್ನದು ಒಂದೂ ಹಾಕಲಿಲ್ಲ, ನನ್ನ ಮೈಯ ಹಳತು ಕೂಸಿಗೆ ತಾಗುವುದು ನನಗೇ ಹೇಸಿಗೆ, ಅಕ್ಕನ ಅತ್ತೆಗೆ ವಿಷಯ ತಿಳಿದಾಗ ನಾನು ಅಲ್ಲೇ ಇದ್ದೆ, ಅವರು ಮೂಗಿನ ಎರಡೂ ಕಡೆ ಗೆರೆ ಬರುವಂತೆ ಮುಖ ಸಿಂಡರಿಸಿ, ಪುರಾನೇ ಕಪಡೇ? ಛೀ ಛೀ ಬೇಟಾ, ಬಚ್ಚೀ ಕೋ ಇನ್‌ಫೆಕ್ಷನ್ ಹೋ ಜಾಯೇಗಾ, ನಾನು ಬಾಯಿ ತೆರೆಯುವ ಮೊದಲೇ ಅಕ್ಕ, ನಹೀ ಮಮ್ಮೀಜಿ, ಪುರಾನೇ ನಹೀ, ಹೊಸ ಹ್ಯಾಂಡ್‌ಲೂಮ್ ಬಟ್ಟೆ, ಡಿಸೈನರ್ ಹತ್ತಿರ ಮಾಡಿಸ್ತಿದಾಳೆ ಮಯೂರಿ, ಹೇನಾ ಮಯೂರಿ?, ನಾನು ತಲೆ ಆಡಿಸಿದೆ, ಆಡಿಸಿದ ತಲೆಯನ್ನು ಮೆಟ್ರೋ ಉದ್ದಕ್ಕೂ ಬೈದುಕೊಂಡು ಬಂದೆ, ಅವರ ಛೀ ನನಗೆ ಅಷ್ಟು ತಾಗಲಿಲ್ಲ, ಅವರಿಗೆ ಗೊತ್ತಿಲ್ಲ, ಅಂದರು, ಅಕ್ಕನ ಹ್ಯಾಂಡ್‌ಲೂಮ್ ತಾಗಿತು, ನಮ್ಮ ಕಡೆಯದ್ದು ಒಂದಿರಲಿ ಎಂದವಳೇ ಅದರ ಮೈಮೇಲೆ ಬೇರೆ ಹೆಸರು ಬಳಿದಳು, ಹೇಸಿಗೆ, ಅವಳ ಮೇಲೂ ಹೇಸಿಗೆ, ತಲೆ ಆಡಿಸಿದ ನನ್ನ ಮೇಲೂ.

ಈಗ ಬ್ಲೇಡು ತೆಗೆದುಕೊಂಡು ಬಾತ್‌ರೂಮಿನ ನೆಲದ ಮೇಲೆ ಕೂತಿದ್ದೇನೆ, ದುಪಟ್ಟಾ ಮೂಗಿಗೆ ಕಟ್ಟಿಕೊಂಡು, ಹೊಲಿಗೆ ಒಂದೊಂದೇ ಕತ್ತರಿಸುತ್ತಿದ್ದೇನೆ, ಎಷ್ಟು ನೇರ ಬಂದಿವೆ ಈ ಹೊಲಿಗೆಗಳು, ನನ್ನ ಜೀವಮಾನದಲ್ಲಿ ಇಷ್ಟು ನೇರ ಗೆರೆ ಎಳೆದಿರಲಿಲ್ಲ, ಟಕ್, ಟಕ್, ಮೂಲೆ ಬಾಯಿ ಬಿಟ್ಟಿತು, ಅದರೊಳಗೆ — ನೋಡಬಾರದು, ನೋಡಿದೆ — ಬೂದುಬಣ್ಣದ ತುಪ್ಪಳ, ಉಸಿರಾಡುವ ಹಾಗೆ ಉಬ್ಬಿದ ಬೂಷ್ಟು, ಅದರ ನಡುವೆ ಕಪ್ಪು ಚುಕ್ಕೆಗಳು, ಒಂದೆರಡು ಚುಕ್ಕೆಗಳು ನಡೆದಾಡುತ್ತಿವೆ, ಇರುವೆ, ಸತ್ತ ಇರುವೆಗಳ ನಡುವೆ ಬದುಕಿದ ಇರುವೆ, ಎಲ್ಲಕ್ಕೂ ಕೆಳಗೆ ನನ್ನ ಫುಲ್ಕಾ, ಬರೀ ಫುಲ್ಕಾ ಇಡಲು ಮನಸ್ಸು ಬರದೆ ತುಪ್ಪ ಸವರಿದ್ದೆ, ತುಪ್ಪ ಸವರಿದ ಮೇಲೆ ಬೆಲ್ಲ ಇಟ್ಟು ಸುರುಳಿ ಸುತ್ತಿದ್ದೆ, ಕೌದಿಯೂ ಕೂಸೇ ಅಲ್ಲವೇ ಅಂತ, ಎಂಥ ಕವಿಹೃದಯ, ಥೂ ನಿನ್ನ, ಅದನ್ನು ಗಾಳಿಯಾಡದ ಪ್ಲಾಸ್ಟಿಕ್ಕಿಗೆ ತುಂಬಿ, ದೆಹಲಿಯ ಈ ಶ್ರಾವಣದ ಜಿಗುಟು ಸೆಕೆಯಲ್ಲಿ, ಮಂಚದ ಪೆಟ್ಟಿಗೆಯೊಳಗೆ ಇಟ್ಟು, ಮೇಲೆ ಮಲಗಿ ಕನಸು ಕಂಡವಳು ನೀನು, ಕೈಗೆ ಪಾಲಿಥೀನ್ ಸುತ್ತಿ ಎಳೆದರೆ ನೂಲು ನೂಲಾಗಿ ಬಂತು, ಸಿಂಬಳದ ಹಾಗೆ, ಕಮೋಡಿಗೆ ಹಾಕಿ ನನ್ನದೂ ಒಂದಿಷ್ಟು ವಾಂತಿ ಸೇರಿಸಿ ಫ್ಲಶ್ ಮಾಡಿದೆ, ಹಸಿದ ಕೌದಿ ನಿದ್ದೆ ತಿನ್ನುತ್ತದೆ, ಹೊಟ್ಟೆ ಕೆಟ್ಟ ಕೌದಿ ಏನು ತಿನ್ನುತ್ತದೆ, ಅಜ್ಜಿ, ನಿನ್ನ ಕಥೆಯಲ್ಲಿ ಬೂಷ್ಟು ಯಾಕೆ ಇರಲಿಲ್ಲ.

ಫೋನಿನಲ್ಲಿ ಹುಡುಕಿದೆ, ಇಂಗ್ಲಿಷಿನಲ್ಲಿ, ಕೌದಿಯೊಳಗೆ ರೋಟಿ ಕೊಳೆತರೆ, ಬೆಕ್ಕಿನವಳು ಬಂದಳು, ಟೊರಾಂಟೋ ಆಂಟಿ ಬಂದಳು, ಅವಳ ಪುಟದ ಕೆಳಗೆ ಲವ್ಲೀ ಅಕ್ಕಾ, ಬ್ಯೂಟಿಫುಲ್ ಅಕ್ಕಾ, ವಾವ್, ಚಪ್ಪಾಳೆ, ಯಾರಿಗೂ ಕೊಳೆತಿಲ್ಲ, ಅಥವಾ ಯಾರೂ ಹೊಲಿದೇ ಇಲ್ಲ, ಬರೀ ಚಪ್ಪಾಳೆ, ಆಗ, ಯಾಕೋ ಗೊತ್ತಿಲ್ಲ, ಕೀಲಿಮಣೆ ಬದಲಾಯಿಸಿ ಕನ್ನಡದಲ್ಲಿ ಹೊಡೆದೆ, ಕೌದಿ ಬೂಷ್ಟು, ಇಷ್ಟು ದಿನ ಹೊಳೆದಿರಲೇ ಇಲ್ಲ, ಕನ್ನಡದಲ್ಲಿ ಕೇಳಬಹುದು ಅಂತ, ಅಜ್ಜಿಯ ಭಾಷೆ ಹುಡುಕುವುದಕ್ಕಲ್ಲ, ಕೇಳಿಸಿಕೊಳ್ಳುವುದಕ್ಕೆ ಎಂದೇ ಇತ್ತು ತಲೆಯಲ್ಲಿ, ಒಂದು ಪುಟ ತೆರೆಯಿತು, ಹಳದಿ ಹಿನ್ನೆಲೆಯ ಮೇಲೆ ನೇರಳೆ ಅಕ್ಷರ, ಕಣ್ಣಿಗೆ ಚುಚ್ಚುತ್ತದೆ, ವರ್ಷಗಳಿಂದ ಯಾರೂ ಏನೂ ಬರೆಯದೆ ಬಿಟ್ಟ ಬ್ಲಾಗು, ಹಂಸಾ ಎನ್ನುವ ಒಬ್ಬರದ್ದು, ಬೆಕ್ಕಿಲ್ಲ, ಕಾಫಿಯಿಲ್ಲ, ಚಿತ್ರವೂ ಇಲ್ಲ, ನಾನು ಅಕ್ಷರ ಕೂಡಿಸಿ ಕೂಡಿಸಿ ಓದುತ್ತ ಕೆಳಗಿಳಿದರೆ ದುಬೈಯಿಂದ ಯಾರೋ ಸರಳಾ ಬರೆದಿದ್ದಾಳೆ, ಮೇಡಂ ನೀವು ಹೇಳಿದ ಹಾಗೇ ಮಾಡಿದೆ, ಚಪಾತಿ ಇಟ್ಟು ಮುಚ್ಚಿದೆ, ಬೂಷ್ಟು ಬಂದು ನಾರುತ್ತಿದೆ, ನಾದಿನಿಯ ಮಗುವಿಗೆ ಅಂತ ಮಾಡಿದ್ದು, ನನಗೆ ಅಳುವೇ ಬರುತ್ತಿದೆ, ಓ ಸರಳಾ, ದುಬೈಯ ಸರಳಾ, ನಿನ್ನ ಮುಖ ಗೊತ್ತಿಲ್ಲ, ನಿನ್ನನ್ನು ತಬ್ಬಿಕೊಳ್ಳಬೇಕು, ನನ್ನಂಥ ಇನ್ನೊಬ್ಬ ಪೆದ್ದಿ ಈ ಭೂಮಿಯ ಮೇಲೆ ಇದ್ದಾಳೆ, ಅದರ ಕೆಳಗೆ ಹಂಸಾ ಮೇಡಂ ಉತ್ತರ, ಸರಳಾ, ನಾನೆಲ್ಲಿ ಚಪಾತಿ ಅಂದೆ? ರೊಟ್ಟಿ ಅಂದೆ. ರೋಟಿಯೂ ಅಲ್ಲ, ರೊಟ್ಟಿ. ಜೋಳದ್ದು, ಬಿಸಿಲಿಗೆ ಒಣಗಿ ಖಡಕ್ ಆದದ್ದು, ವರ್ಷವಾದರೂ ಕೆಡದು. ಚಪಾತಿ ತಿನ್ನಿಸಿದರೆ ಕೌದಿಗೆ ವಾಂತಿಯಾಗುತ್ತದೆ. ಕಲೆಯಾದಷ್ಟು ಬಟ್ಟೆ ಕತ್ತರಿಸಿ ಎಸೆಯಿರಿ, ಉಳಿದ ಕಡೆ ಲಿಂಬೆ ಉಪ್ಪು ತಿಕ್ಕಿ ಬಿಸಿಲಿಗೆ ಹಾಕಿ. ಅಳಬೇಡಿ — ರೊಟ್ಟಿ, ಒಂದು ಒತ್ತಕ್ಷರ, ನಾಲಗೆ ಒಂದು ಕ್ಷಣ ಅಲ್ಲಿ ನಿಲ್ಲಬೇಕಿತ್ತು, ಟೊರಾಂಟೋ ಆಂಟಿ ಇಂಗ್ಲಿಷಿನಲ್ಲಿ ಬರೆಯುವಾಗ ನಿಲ್ಲಲಿಲ್ಲ, ನಾನು ಓದುವಾಗ ನಿಲ್ಲಲಿಲ್ಲ, ದೆಹಲಿಯಲ್ಲಿ ಬೆಳೆದವಳಿಗೆ ರೋಟಿ ಅಂದರೆ ಬೇರೆ ಏನು ಹೊಳೆಯುತ್ತದೆ, ಶಾಲೆಯ ಡಬ್ಬಿಯಲ್ಲಿ ರೋಟಿ, ಢಾಬಾದಲ್ಲಿ ರೋಟಿ, ಅಜ್ಜಿ ರೊಟ್ಟಿ ಎಂದಾಗಲೂ ನನ್ನ ಕಿವಿ ಅದನ್ನು ಮೆತ್ತಗೆ ಮಾಡಿಕೊಂಡೇ ಒಳಗೆ ಬಿಟ್ಟಿತ್ತು.

ಕತ್ತರಿಸಿದೆ, ಅಂಗೈಯಗಲ, ಅಮ್ಮನ ಸೀರೆ, ಅಪ್ಪನ ಅಂಗಿ, ಒಳಗಿನ ಪಂಚೆ, ಕಲೆ ಎಲ್ಲವನ್ನೂ ದಾಟಿ ಇಳಿದಿತ್ತು, ಲಿಂಬೆ ತಿಕ್ಕಿದರೆ ಕೈಯ ಸೂಜಿಗಾಯಗಳು ಉರಿದವು, ಉರಿಯಲಿ, ಬಾಲ್ಕನಿಯ ಬಿಸಿಲಿಗೆ ಹರವಿ, ತುಂಡಿಗೆ ಬದಲು ಬಟ್ಟೆ ಹುಡುಕಿದರೆ ಮನೆಯಲ್ಲಿ ಹಳತೆಂದು ಉಳಿದದ್ದು ನನ್ನದೇ ಸಲ್ವಾರು, ಸರಿ, ಅದೂ ಕುದಿಯಿತು, ಅದೂ ಒಣಗಿತು, ಅದನ್ನೂ ಪದರ ಮಾಡಿ ಕೂಡಿಸಿದೆ, ಬಾಯಿ ಬಿಟ್ಟ ಮೂಲೆ ಮತ್ತೆ ತಯಾರು, ಆಗ ಫೋನು, ಅಕ್ಕ, ಹಿಂದೆ ಟೀವಿ, ಕೂಸಿನ ಅಳು, ಯಾರೋ ಚಾಯ್ ಬನಾವೋ ಎನ್ನುತ್ತಿದ್ದಾರೆ, ಮಯೂರಿ, ರೆಡಿ ನಾ? ನಿಮ್ಮ ಭಾವ ಏರ್‌ಪೋರ್ಟಿಗೆ ಹೋಗಿದಾರೆ ಅವರ ಸೋದರತ್ತೆ ಬುವಾಜೀನ ಕರ್ಕೊಂಡು ಬರೋಕೆ, ವಾಪಸ್ ಬರ್ತಾ ನಿನ್ನ ಬ್ಲಾಕಿನ ಕೆಳಗೆ ಹಾರ್ನ್ ಹೊಡೀತಾರೆ, ಓಡಿಬಂದು ಕೊಟ್ಬಿಡು, ಮೇಲೆ ಬರಲ್ಲ, ಲೇಟಾಗುತ್ತೆ, ಅಕ್ಕಾ ಅಂದೆ, ಏನೇ?, ಕೌದಿಗೆ ಹೊಟ್ಟೆ ಕೆಟ್ಟಿತ್ತು, ಏನು ಕೆಟ್ಟಿತ್ತು?, ಹೇಳಿದೆ, ಫುಲ್ಕಾ, ತುಪ್ಪ, ಬೆಲ್ಲ, ಇರುವೆಯನ್ನೂ ಹೇಳಿದೆ, ಅವಳು ಛೀ ಅಂದಳು, ಥೇಟು ಅವಳ ಅತ್ತೆಯ ಛೀ, ಬೆಲ್ಲ ಯಾಕೆ ಇಟ್ಟೆ ಹುಚ್ಚಿ, ಒಬ್ಬಟ್ಟು ಮಾಡೋಕೆ ಹೊರಟಿದ್ಯಾ, ಎಲ್ಲ ತೆಗೆದಿದ್ದೀನಿ ಅಕ್ಕ, ಈಗ ವಾಸನೆ ಇಲ್ಲ, ಖಾಲಿನೇ ಮುಚ್ಚಿಬಿಡ್ತೀನಿ, ಒಳಗೆ ಇದೆಯೋ ಇಲ್ಲವೋ ಯಾರಿಗೆ ಗೊತ್ತಾಗುತ್ತೆ, ಆ ಕಡೆ ಬಾಗಿಲು ಮುಚ್ಚಿದ ಸದ್ದು, ಟೀವಿ ದೂರವಾಯಿತು, ಕೂಸಿನ ಅಳು ಹತ್ತಿರವಾಯಿತು, ಇವಳು ಮಲಗ್ತಾನೇ ಇಲ್ಲ ಕಣೇ, ಅಕ್ಕನ ದನಿ ಸಣ್ಣಗಾಗಿತ್ತು, ಹುಟ್ಟಿದಾಗಿಂದ ನಿದ್ದೆ ಅಂತ ಮಾಡಿಲ್ಲ, ನಾನೂ ಮಾಡಿಲ್ಲ, ಇವರೆಲ್ಲ ಹಾಲು ಸಾಲಲ್ಲ ನಿಂಗೆ ಅಂತಾರೆ, ಸುಮ್ಮನೆ ಕೂತಿರ್ತೀನಿ ಕತ್ತಲಲ್ಲಿ, ನಂಗೊತ್ತು ಅದು ಬರೀ ಕಥೆ ಅಂತ, ನಾನೇನು ನಿನ್ನ ಹಾಗಲ್ಲ, ಆದ್ರೂ, ಖಾಲಿ ಹೊಟ್ಟೆ ಕೌದಿ ಮೇಲೆ ಇವಳನ್ನ ಮಲಗಿಸಲ್ಲ ನಾನು, ಅದಕ್ಕಿಂತ ಮಮ್ಮೀಜಿ ತಂದ ವೆಲ್ವೆಟ್ಟೇ ವಾಸಿ, ಅಕ್ಕಾ, ರೊಟ್ಟಿ ಈಗ ಎಲ್ಲಿಂದ ತರಲಿ ನಾನು, ಖಡಕ್ ರೊಟ್ಟಿ, ಅದೆಲ್ಲ ನಂಗೊತ್ತಿಲ್ಲ, ಪಕ್ಕಾ ಅಂದಿದ್ದೆ ನೀನು, ಅಂದು ಮೂಗೇರಿಸಿದಳು, ಫೋನಿಟ್ಟಳು.

ಎಲ್ಲಿಂದ, ಈ ಊರಿನಲ್ಲಿ ಬೇಕಾದ್ದೆಲ್ಲ ಹತ್ತು ನಿಮಿಷಕ್ಕೆ ಬಾಗಿಲಿಗೆ ಬರುತ್ತದೆ, ಆಪಿನಲ್ಲಿ ಹೊಡೆದರೆ ರುಮಾಲಿ ರೋಟಿ, ತಂದೂರಿ ರೋಟಿ, ಮಿಸ್ಸೀ ರೋಟಿ, ಎಲ್ಲಕ್ಕೂ ಬೆಣ್ಣೆ, ಆಪು ಮುಚ್ಚಿದೆ, ಆಗ ನೆನಪಾದದ್ದು ಮಹಂತೇಶ, ನೆನಪಾದದ್ದೂ ಅಸಹ್ಯದಿಂದಲೇ, ನಮ್ಮ ಫ್ಯಾಕ್ಟರಿಯ ಕ್ವಾಲಿಟಿ ವಿಭಾಗದವನು, ಬಾಗಲಕೋಟೆಯವನು, ಕ್ಯಾಂಟೀನಿಗೆ ಬಾರದೆ ಮೇಜಿನ ಡ್ರಾಯರಿನಿಂದ ರೊಟ್ಟಿ ತೆಗೆದು ತಿನ್ನುತ್ತಾನೆ, ಬೆಳ್ಳುಳ್ಳಿಯ ಶೇಂಗಾ ಚಟ್ನಿಪುಡಿ ಕೀಬೋರ್ಡಿನ ಸಂದಿಗೆಲ್ಲ ಉದುರಿರುತ್ತದೆ, ಅವನ ಜಾಗ ದಾಟುವಾಗ ಉಸಿರು ಹಿಡಿಯುತ್ತಿದ್ದೆ, ಆ ಮನುಷ್ಯನಿಗೆ ಈಗ ಫೋನ್ ಮಾಡಿ, ಮಹಂತೇಶ್, ನಿಮ್ಮ ಹತ್ತಿರ ರೊಟ್ಟಿ ಇದೆಯಾ, ಅದಾವ್ರಿ ಮೇಡಂ, ನಮ್ಮವ್ವ ಒಂದ್ ಡಬ್ಬಿ ಕಳಿಸ್ಯಾಳ, ಯಾಕ್ರಿ?, ಒಂದು ಬೇಕಿತ್ತು, ಒಂದು?, ಅವನ ದನಿಯಲ್ಲಿ ಅನುಮಾನ, ಒಂದ್ರಾಗ ಯಾರ ಹೊಟ್ಟಿ ತುಂಬ್ತದ್ರಿ, ಯಾರ್ ಬಂದಾರ ಊಟಕ್ಕ?, ಕೌದಿಗೆ, ಅಂದೆ, ನಾಚಿಕೆಯಿಂದ ಕಿವಿ ಸುಟ್ಟವು, ನಗುತ್ತಾನೆ, ಸೋಮವಾರ ಬಸ್ಸಿಗೆಲ್ಲ ಹೇಳುತ್ತಾನೆ, ಅವನು ನಗಲಿಲ್ಲ, ಕೂಸು ಹೆಣ್ಣೋ ಗಂಡೋ?, ಹೆಣ್ಣು, ಯಾಕೆ, ಅದಕ್ಕೆ ಬೇರೆ ರೊಟ್ಟಿನಾ?, ಏನಿಲ್ರಿ, ಸುಮ್ನ ಕೇಳ್ದೆ, ಗುರುಗ್ರಾಮದಿಂದ ಗಾಡಿ ಮ್ಯಾಲ ಬರ್ತೀನಿ, ಲೊಕೇಶನ್ ಕಳಸ್ರಿ, ಆಮೇಲೆ ಕೆಳಗಿನಿಂದ ಗಾರ್ಡ್ ಇಂಟರ್‌ಕಾಮಿನಲ್ಲಿ, ಮೇಡಂ ಕೋಯೀ ರೋಟಿವಾಲಾ ಆಯಾ ಹೈ, ರೋಟಿ ಅಲ್ಲ ಭಯ್ಯಾ ಎಂದು ನಾನು ಕೂಗಿಬಿಟ್ಟೆ, ಅವನಿಗೇನು ತಿಳಿಯಬೇಕು, ಓಡಿಹೋಗಿ ನೋಡಿದರೆ ಹೆಲ್ಮೆಟ್ಟಿನ ಕೆಳಗೆ ಬೆವರು ಸುರಿಯುತ್ತ, ಕೂಸನ್ನು ಎತ್ತಿಕೊಂಡ ಹಾಗೆ ಒಂದು ಬಟ್ಟೆಗಂಟು ಎದೆಗೆ ಅವಚಿ ನಿಂತಿದ್ದಾನೆ, ತಗೋರಿ, ಸ್ಪೀಡ್ ಬ್ರೇಕರ್‌ನಾಗ ಒಂದಷ್ಟ ಮುರದಾವ, ಮ್ಯಾಲಿನ್ವು ಛಲೋ ಅದಾವ, ಉಳಿದ್ವು ನೀವ್ ತಿನ್ರಿ, ಮಾರಿ ಯಾಕ ಹಿಂಗಾಗೇತಿ, ಬೆಳಗಿಂದ ಏನೂ ತಿಂದಿಲ್ಲೇನು, ನಾನು ನೀರಾದರೂ ಕುಡಿಯಿರಿ ಎನ್ನುವಷ್ಟರಲ್ಲಿ ಗಾಡಿ ತಿರುಗಿಸಿದ್ದ.

ಗಂಟು ಬಿಚ್ಚಿದರೆ ಬಿಳೀ ಬೂದಿಬಣ್ಣದ ತೆಳ್ಳನೆಯ ಚಕ್ರಗಳು, ಮೂಸಿದೆ, ಇವತ್ತೆಲ್ಲ ಮೂಸುವುದೇ ಕೆಲಸವಾಗಿದೆ, ಏನೂ ಇಲ್ಲ, ಎಣ್ಣೆಯಿಲ್ಲ, ಸಿಹಿಯಿಲ್ಲ, ಹುಳಿಯಿಲ್ಲ, ಸ್ವಲ್ಪ ಹಿಟ್ಟು, ಸ್ವಲ್ಪ ಬಿಸಿಲು, ಅಷ್ಟೇ, ಇರುವೆಗೂ ಬೇಡದ ಊಟ, ಒಂದನ್ನು ಮುರಿದೆ, ಕಟ್, ಅರ್ಧ ಬಾಯಿಗೆ ಹಾಕಿದೆ, ಕಟ್, ದವಡೆಯ ಸದ್ದು ಇಡೀ ತಲೆಗೆ ತುಂಬಿತು, ಬೆಳಗಿನಿಂದ ಗಂಟಲಲ್ಲಿ ಕೂತಿದ್ದ ಜಿಡ್ಡನ್ನು ಅದು ಕೆರೆದುಕೊಂಡು ಕೆಳಗಿಳಿಯಿತು, ಇನ್ನರ್ಧದಲ್ಲಿ ಒಂದು ತುಂಡು, ಮೂಲೆಯ ಅಳತೆಗೆ, ನನ್ನ ಸಲ್ವಾರಿನ ಪದರಗಳ ನಡುವೆ ಜಾರಿಸಿದೆ, ಊಟ ಮಾಡು ತಾಯಿ, ಇನ್ನು ವಾಂತಿ ಮಾಡಬೇಡ, ಅಂಚು ಮಡಿಸಿ ಸೂಜಿ ಹಾಕಿದೆ, ತೋಳಿನುದ್ದದ ದಾರ, ಹೊಲಿಗೆಯ ಪಕ್ಕ ಹೊಲಿಗೆ, ಅರ್ಧ ಬಂದಾಗ ಬಟ್ಟೆ ಸಮ ಮಾಡಲು ಮೇಲಿಂದ ಬೆರಳು ಒತ್ತಿದೆ, ಕಟ್ — ಅಯ್ಯೋ, ಇದು ಮಾತಾಡುತ್ತದೆ, ನಾಳೆ ಅಷ್ಟು ಜನರ ನಡುವೆ ಕೂಸು ಕಾಲು ಝಾಡಿಸಿದರೆ ಕಟ್, ಮಮ್ಮೀಜಿ ಎತ್ತಿ ಮಡಿಸಿದರೆ ಕಟ್, ಅವರ ಕಿವಿ ಮೂಗಿಗಿಂತ ಚುರುಕು, ಯೇ ಕ್ಯಾ ಆವಾಜ್ ಹೈ ಧಾರಾ, ಹೊಸ ಹ್ಯಾಂಡ್‌ಲೂಮ್ ಕಟ್ ಅನ್ನುವುದಿಲ್ಲ, ಡಿಸೈನರುಗಳು ಒಳಗೆ ರೊಟ್ಟಿ ಇಡುವುದಿಲ್ಲ, ರೊಟ್ಟಿ ಎಂದರೆ ಯಾಕೆ ಎನ್ನುತ್ತಾರೆ, ಯಾಕೆ ಎಂದರೆ ಕೌದಿ ಎನ್ನಬೇಕು, ಕೌದಿ ಎಂದರೆ ಅಪ್ಪನ ಕಾಲರು, ಅವಳದೇ ನೈಟಿಯ ಕಂಕುಳು, ನನ್ನ ಸಲ್ವಾರು, ಎಲ್ಲ ಒಂದರ ಹಿಂದೆ ಒಂದು ಹೊರಗೆ ಬರುತ್ತವೆ, ಪುಡಿ ಮಾಡಿಬಿಡಲೇ, ಹಿಟ್ಟು ಸದ್ದು ಮಾಡುವುದಿಲ್ಲ, ಲಟ್ಟಣಿಗೆ ತಂದೆ, ಮೂಲೆಯ ಮೇಲೆ ಇಟ್ಟೆ, ಒಂದು ಸಲ ಉರುಳಿಸಿದರೆ ಸಾಕು, ಹೊಟ್ಟೆಯೂ ತುಂಬಿದ ಹಾಗೆ, ಹ್ಯಾಂಡ್‌ಲೂಮೂ ಉಳಿದ ಹಾಗೆ, ಅಕ್ಕನ ಮಾತೂ, ನನ್ನ ತಲೆಯಾಡಿಸಿದ್ದೂ — ಕೆಳಗೆ ಹಾರ್ನು, ಭಾವನ ಕಾರು, ಬಾಲ್ಕನಿಯಿಂದ ಬಗ್ಗಿದರೆ ಬುವಾಜಿ ಕಿಟಕಿಯ ಪಕ್ಕ ಮೂಗಿಗೆ ಕರ್ಚೀಫು ಒತ್ತಿಕೊಂಡು ಕೂತಿದ್ದಾರೆ, ಬಂದೆ ಎಂದು ಕೈ ಮಾಡಿದೆ, ಲಟ್ಟಣಿಗೆ ಕಾಲಿಗೆ ತಾಗಿ ಕಪಾಟಿನಡಿಗೆ ಉರುಳಿಹೋಯಿತು, ಹೋಗಲಿ, ಬಗ್ಗಿ ತೆಗೆಯಲಿಲ್ಲ, ತೆಗೆಯಬಹುದಿತ್ತು, ಕೇಳಿದರೆ ಅಕ್ಕ ಏನು ಹೇಳುತ್ತಾಳೋ ಅವಳೇ ಹೇಳಲಿ, ಧಾರಾ ಹೇಳುತ್ತಾಳೋ ಧಾರಿಣಿ ಹೇಳುತ್ತಾಳೋ, ಹೊಲಿಗೆಯ ಪಕ್ಕ ಹೊಲಿಗೆ, ಮತ್ತೆ ಹಾರ್ನು, ಕಡೆಯ ಹೊಲಿಗೆ, ದಾರವನ್ನು ಹಲ್ಲಿನಿಂದ ಕಡಿದೆ, ಮುಗಿಯಿತು, ಕವರು ಬೇಡ, ಹಾಗೇ ಎದೆಗೆ ಅವಚಿಕೊಂಡೆ, ಮೆಟ್ಟಿಲು ಇಳಿಯುತ್ತ ಬೆರಳು ತಾನಾಗಿ ಆ ಮೂಲೆ ಹುಡುಕಿಕೊಂಡು ಹೋಯಿತು, ಒತ್ತಿತು, ಕಟ್, ಇನ್ನೊಂದು ಮೆಟ್ಟಿಲು, ಕಟ್, ಹಾರ್ನು, ಕಟ್, ಕಟ್.